ವರದರಾಜರ ನಾಲ್ಕು ನಿಮಿಷ

ನನ್ನ ಗಂಡನ ಹೆಸರು ವರದರಾಜ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದು ಎಂದು ನಮ್ಮತ್ತೆ ಹೇಳಿಕೊಟ್ಟಿದ್ದರು. ಬರೆಯಬಾರದು ಎಂದು ಹೇಳಿರಲಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ. ಇವರ ವಿಷಯವನ್ನು ಯಾರಾದರೂ ಬರೆದಿಡಲೇಬೇಕು, ಇಲ್ಲದಿದ್ದರೆ ನನ್ನ ತಲೆ ಸಿಡಿದುಹೋಗುತ್ತದೆ.

ಇವರಿಗೆ ಈಗ ಅರವತ್ತೆರಡು. ವಾಯುಪಡೆಯಲ್ಲಿ ಇಪ್ಪತ್ತೆಂಟು ವರ್ಷ ದುಡಿದು ಜೂನಿಯರ್ ವಾರಂಟ್ ಆಫೀಸರ್ ಆಗಿ ನಿವೃತ್ತರಾದವರು. ವಾಯುಪಡೆ ಎಂದ ಕೂಡಲೇ ಜನ, ವಿಮಾನ ಹಾರಿಸುತ್ತಿದ್ದರಾ ಎಂದು ಕಣ್ಣರಳಿಸುತ್ತಾರೆ. ಇಲ್ಲ. ಇವರು ಭೂಸೇನೆಯವರ ಡೇರೆಯ ಒಂದು ಮೂಲೆಯಲ್ಲಿ ಕುಳಿತು, ಭೂಸೇನೆಯ ಕಾಗದವನ್ನೂ ವಾಯುಪಡೆಯ ಕಾಗದವನ್ನೂ ಪಕ್ಕಪಕ್ಕದಲ್ಲಿಟ್ಟುಕೊಂಡು, ಎರಡೂ ಹೊಂದುತ್ತವೆಯೇ ಎಂದು ನೋಡುತ್ತಿದ್ದರು. ಸಾಮಾನ್ಯವಾಗಿ ಹೊಂದುತ್ತಿರಲಿಲ್ಲ. ಭೂಸೇನೆಯವರ ಗಡಿಯಾರ ನಮ್ಮ ನಿಮ್ಮ ಗಡಿಯಾರದಂತೆಯೇ ನಡೆಯುತ್ತದೆ. ವಿಮಾನದವರು ಮಾತ್ರ ಗ್ರೀನಿಚ್ಚಿನ ಹೊತ್ತನ್ನು ಹಿಡಿಯುತ್ತಾರೆ. ಅದಕ್ಕೆ ಜುಲು ಹೊತ್ತು ಎಂದು ಹೆಸರು, ನಮಗಿಂತ ಐದೂವರೆ ಗಂಟೆ ಹಿಂದೆ. ಐದೂವರೆ ಕೂಡಿಸುತ್ತ, ಐದೂವರೆ ಕಳೆಯುತ್ತ ಇವರ ಆಯುಸ್ಸು ಕಳೆಯಿತು. ಹಾಲಿನವನು ಬೆಳಗ್ಗೆ ಆರಕ್ಕೆ ಬರುತ್ತಾನೆ ಎಂದರೆ ಈಗಲೂ "ಅಂದ್ರೆ ಜುಲು ಸೊನ್ನೆ ಸೊನ್ನೆ ಮೂವತ್ತು" ಎಂದು ಗೊಣಗುತ್ತಾರೆ. ಇಪ್ಪತ್ತೆಂಟು ವರ್ಷದಲ್ಲಿ ಒಂದು ಸಲವೂ ಲೆಕ್ಕ ತಪ್ಪಿಲ್ಲ ಎಂಬುದು ಇವರಿಗಿರುವ ಒಂದೇ ಒಂದು ಜಂಬ.

ಆದರೆ ಮೂವತ್ತು ವರ್ಷದ ಹಿಂದೆ, ಲೆಕ್ಕ ಸರಿಯಿದ್ದೂ ಒಂದು ಅನಾಹುತ ನಡೆದುಹೋಯಿತು. ಮರಳುಗಾಡಿನಲ್ಲಿ ಒಂದು ದೊಡ್ಡ ಅಭ್ಯಾಸ. ಯುದ್ಧವಲ್ಲ, ಬರೀ ಅಭ್ಯಾಸ. ಹನ್ನೊಂದೂವರೆಗೆ ಫಿರಂಗಿಗಳು ನಿಲ್ಲಬೇಕು, ನಿಂತ ಕೂಡಲೇ ಅದೇ ದಾರಿಯಲ್ಲಿ ಹೆಲಿಕಾಪ್ಟರ್ ಹಾದುಹೋಗಬೇಕು. ಫಿರಂಗಿಯವರು ಕೊನೆಯ ಗಳಿಗೆಯಲ್ಲಿ ಹನ್ನೊಂದೂವರೆಯನ್ನು ಹನ್ನೊಂದು ಐವತ್ತು ಮಾಡಿಕೊಂಡು ತಮ್ಮ ಕಾಗದವನ್ನು ತಿದ್ದಿದರು. ವಿಮಾನದವರ ಕಾಗದದಲ್ಲಿ ಹಳೆಯ ಹೊತ್ತೇ ಉಳಿಯಿತು. ಇವರ ಕಣ್ಣಿಗೆ ಅದು ಬಿದ್ದಾಗ ಹನ್ನೊಂದು ಇಪ್ಪತ್ತಾರು. ಇನ್ನೂ ನಾಲ್ಕು ನಿಮಿಷವಿತ್ತು. ಎದ್ದು ಹೋಗಿ ಅಧಿಕಾರಿಯ ಮೇಜಿನ ಪಕ್ಕ ನಿಂತು "ಸರ್" ಎಂದರು. ಅಧಿಕಾರಿ ಫೋನಿನಲ್ಲಿದ್ದರು, ಅಂಗೈ ತೋರಿಸಿ ತಾಳು ಎಂದರು. ಇವರು ತಾಳಿದರು. ಮತ್ತೆ "ಸರ್". ಮತ್ತೆ ಅಂಗೈ. ಕೈಗೆಟಕುವಷ್ಟು ಹತ್ತಿರದಲ್ಲಿ ಫಿರಂಗಿಯವರ ಫೋನು ಇತ್ತು. ಎತ್ತಿ "ನಿಲ್ಲಿಸಿ" ಎಂದಿದ್ದರೆ ಮುಗಿಯುತ್ತಿತ್ತು. ಅಧಿಕಾರಿ ಪಕ್ಕದಲ್ಲಿ ಕುಳಿತಿರುವಾಗ ಒಬ್ಬ ಸಾರ್ಜೆಂಟು ಅವರನ್ನು ಕೇಳದೆ ಫಿರಂಗಿ ನಿಲ್ಲಿಸುವುದುಂಟೇ ಎಂದು ನಿಂತೇ ಇದ್ದರು.

ಆ ಹೆಲಿಕಾಪ್ಟರಿನ ಹಿಂಭಾಗದಲ್ಲಿ ರಾಘವ ಇದ್ದ. ಚಾಮರಾಜಪೇಟೆಯಲ್ಲಿ ನಮ್ಮದೇ ರಸ್ತೆಯ ಹುಡುಗ, ಇವರ ಜೊತೆಗೇ ವಾಯುಪಡೆ ಸೇರಿದವನು. ಗುಂಡಿನ ಚೂರು ತಗುಲಿ ಹೆಲಿಕಾಪ್ಟರ್ ಮರಳಿಗೆ ಬಿತ್ತು. ಉಳಿದವರು ಹೇಗೋ ಪಾರಾದರು, ರಾಘವನ ಎಡಗಾಲು ಮೊಣಕಾಲಿನಿಂದ ಹೋಯಿತು. ಈಗ ವೈಯಾಲಿಕಾವಲಿನಲ್ಲಿ ಮಗಳ ಮನೆಯಲ್ಲಿದ್ದಾನೆ. ಪ್ರತಿ ಶನಿವಾರ ಇವರು ಮೆಜೆಸ್ಟಿಕ್ಕಿನಲ್ಲಿ ಬಸ್ಸು ಬದಲಿಸಿಕೊಂಡು ಹೋಗಿ ಅವನ ಜೊತೆ ಕೇರಂ ಆಡಿ ಬರುತ್ತಾರೆ. ಆ ನಾಲ್ಕು ನಿಮಿಷದ ವಿಷಯ ಅವನಿಗೆ ಹೇಳಿಯೂ ಇದ್ದಾರೆ. ಅವನು ಸ್ಟ್ರೈಕರಿನಿಂದ ಕಣ್ಣೆತ್ತದೆ, "ಬಿಡೋ ವರ್ದಾ, ನಾನಿದ್ರೂ ಹಂಗೇ ನಿಂತಿರ್ತಿದ್ದೆ" ಎಂದನಂತೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಆ ಮಾತು ಕೇಳಿದ ಮೇಲೆ ಇವರು ಇನ್ನೂ ಇಳಿದುಹೋದರು.

ಇನ್ನು ನನ್ನ ವಿಷಯ. ನಾನು ಅಂಬುಜಾ, ಚಾಮರಾಜಪೇಟೆಯ ಒಂದು ಹಳೆಯ ಛತ್ರದಲ್ಲಿ ಇಪ್ಪತ್ತೊಂದು ವರ್ಷದಿಂದ ಮ್ಯಾನೇಜರು. ಇವರು ಊರೂರು ಸುತ್ತುತ್ತಿದ್ದಾಗ ಹಿಡಿದ ಕೆಲಸ, ಬಿಡಲಾಗಲಿಲ್ಲ. ಮದುವೆ ಮಾಡಿಸುವುದು ಪುರೋಹಿತರು ಎಂದು ಜನ ತಿಳಿದಿದ್ದಾರೆ. ಪುರೋಹಿತರು, ವಾಲಗ, ಅಡಿಗೆಮನೆ, ಹೂವಿನವರು, ವಿಡಿಯೋದವರು, ಈ ಐದು ಜನ ಒಬ್ಬರ ಮುಖ ಒಬ್ಬರು ನೋಡದವರು. ಅವರನ್ನೆಲ್ಲ ಒಂದೇ ಗಳಿಗೆಗೆ ತಂದು ನಿಲ್ಲಿಸುವವಳು ನಾನು.

ಆಷಾಢದಲ್ಲಿ ಮದುವೆ ಇಲ್ಲ, ಛತ್ರ ಖಾಲಿ. ಹೋದ ಆಷಾಢದಲ್ಲಿ ನಂದಿತಾ ಎಂಬ ಹುಡುಗಿ ಬಂದಳು. ಶೇಷಾದ್ರಿಪುರಂನಲ್ಲಿ ಎರಡು ಕೋಣೆಯಲ್ಲಿ ನಡೆಯುವ ಒಂದು ಸಮರ ಅಧ್ಯಯನ ಕೇಂದ್ರದವಳು. ಎರಡು ದಿನ ಛತ್ರ ಬೇಕು, ಯುದ್ಧ ಮಾಡಬೇಕು ಎಂದಳು. ನಾನು ಕನ್ನಡಕ ತೆಗೆದು ಅವಳನ್ನು ನೋಡಿದೆ.

"ನಿಜವಾದ್ದಲ್ಲ ಆಂಟಿ, ಮೇಜಿನ ಮೇಲೆ ಆಡೋ ಯುದ್ಧ. ನೀಲಿ ದೇಶ, ಕೆಂಪು ದೇಶ. ಈಗೆಲ್ಲಾ ನೆಲ, ನೀರು, ಗಾಳಿ, ಮೇಲ್ಗಡೆ ಉಪಗ್ರಹ, ಆಮೇಲೆ ಕಂಪ್ಯೂಟರ್ ಜಾಲ, ಐದೂ ಕಡೆ ಒಟ್ಟಿಗೇ ಯುದ್ಧ ನಡಿಯತ್ತೆ. ಐದನ್ನೂ ಹೊಂದಿಸೋದ್ರಲ್ಲಿ ಒಂದೊಂದು ಸೈನ್ಯದ್ದು ಒಂದೊಂದು ರೀತಿ. ಯಾವುದು ಎಲ್ಲಿ ಮುರಿಯತ್ತೆ ಅಂತ ನೋಡ್ಬೇಕು."

"ಐದಾ? ಮದುವೇಲೂ ಐದೇ ಕಣಮ್ಮಾ" ಎಂದೆ. ಹೆಣ್ಣಿನ ಕಡೆಯವರ ಕೋಣೆ ನೀಲಿಯವರಿಗೆ, ಗಂಡಿನ ಕಡೆಯವರ ಕೋಣೆ ಕೆಂಪಿನವರಿಗೆ ಎಂದು ಹಂಚಿಕೊಟ್ಟೆ. ಮಾತಿಗೆ ಮಾತು ಬಂದು ಇವರ ಕೆಲಸದ ವಿಷಯ ಹೇಳಿದೆ. ಹುಡುಗಿ ಕುಣಿದುಬಿಟ್ಟಳು. ನೀಲಿಯವರ ಐದು ಮೇಜುಗಳ ಚೀಟಿಗಳನ್ನು ಒಂದು ಹಲಗೆಯ ಮೇಲೆ ಹೊಂದಿಸುವವರು ಬೇಕಾಗಿದ್ದರಂತೆ.

ಆ ದಿನ ಮನೆಗೆ ಹೋಗಿ ಇವರಿಗೆ ಹೇಳಿದೆ. ಇವರು, "ಒಂದು ನಿಯಮ ಸೇರಿಸ್ತಾರಾ ಕೇಳು. ಯಾರಿಗೆ ತಪ್ಪು ಕಾಣತ್ತೋ ಅವ್ರು ಎಲ್ಲಾನೂ ನಿಲ್ಲಿಸ್ಬೋದು. ಚಿಕ್ಕೋರು ದೊಡ್ಡೋರು ಅನ್ನೋದಿಲ್ಲ. ನಿನ್ ಜಾಗಟೆ ಥರ" ಎಂದರು.

ಜಾಗಟೆಯ ವಿಷಯ ಹೇಳಬೇಕು. ವಾಲಗದ ಶೀನಣ್ಣ ಪುರೋಹಿತರ ಕೈಯನ್ನೇ ನೋಡುತ್ತ ಕೂರುತ್ತಾನೆ. ಅವರು ಕೈಯೆತ್ತಿದರೆ ಗಟ್ಟಿಮೇಳ, ಗಟ್ಟಿಮೇಳವಾದರೆ ತಾಳಿ, ತಾಳಿಯಾದರೆ ಅಕ್ಷತೆ. ಒಮ್ಮೆ ಪುರೋಹಿತರು ಮೂಗಿನ ಮೇಲಿನ ನೊಣ ಓಡಿಸಲು ಕೈಯೆತ್ತಿದರು. ಶೀನಣ್ಣ ಗಟ್ಟಿಮೇಳ ಬಾರಿಸಿಯೇಬಿಟ್ಟ. ಮುಹೂರ್ತಕ್ಕೆ ಇನ್ನೂ ಹನ್ನೊಂದು ನಿಮಿಷ. ಮದುಮಗ ಗಾಬರಿಯಲ್ಲಿ ತಾಳಿ ಹಿಡಿದು ಎದ್ದ, ಜನ ಅಕ್ಷತೆ ಎರಚಿದರು. ತಪ್ಪಾಗಿದೆ ಎಂದು ನೆಲ ಒರೆಸುವ ಕಾವೇರಮ್ಮನಿಗೆ ಗೊತ್ತಾಗಿತ್ತು, ಅವಳ ಎದುರಿಗೇ ಗಡಿಯಾರವಿತ್ತು. ಆದರೆ ಅವಳ ಮಾತನ್ನು ಯಾರು ಕೇಳುತ್ತಾರೆ? ಮರುದಿನವೇ ಒಂದು ಜಾಗಟೆ ತಂದು ಅಡಿಗೆಮನೆಯ ಬಾಗಿಲಿಗೆ ನೇತುಹಾಕಿಸಿದೆ. ಯಾರು ಬೇಕಾದರೂ ಬಾರಿಸಬಹುದು. ಬಾರಿಸಿದರೆ ಮಂತ್ರವೂ ನಿಲ್ಲಬೇಕು, ಸೌಟೂ ನಿಲ್ಲಬೇಕು. ಸುಮ್ಮನೆ ಬಾರಿಸಿದರೂ ಬೈಯುವ ಹಾಗಿಲ್ಲ. ಈವರೆಗೆ ಐದು ಸಲ ಬಾರಿಸಿದ್ದಾರೆ, ನಾಲ್ಕು ಸಲ ಸುಮ್ಮನೆ. ಒಂದು ಸಲ ಮಾತ್ರ ಗ್ಯಾಸ್ ಸೋರುತ್ತಿತ್ತು.

ನೀಲಿಯ ಸೇನಾಪತಿ ಬ್ರಿಗೇಡಿಯರ್ ವೇಣುಗೋಪಾಲ್, ನಿವೃತ್ತರು. ಒಳ್ಳೆಯ ಮನುಷ್ಯ, ದೊಡ್ಡ ಗಂಟಲು. ನಿಯಮ ಕೇಳಿ ನಕ್ಕುಬಿಟ್ಟರು. "ಯಾರ್ ಬೇಕಾದ್ರೂ ನಿಲ್ಲಿಸ್ಬೋದು ಅಂದ್ರೆ ಅದು ಸೈನ್ಯ ಅಲ್ಲಮ್ಮ, ಸಂತೆ" ಎಂದರು. ನಂದಿತಾ ಪಟ್ಟು ಬಿಡಲಿಲ್ಲ. ಕೊನೆಗೆ, ಎರಡನೆಯ ದಿನದ ಮಧ್ಯಾಹ್ನ ಮಾತ್ರ, ನೀಲಿಯವರಿಗೆ ಮಾತ್ರ ಎಂದು ಒಪ್ಪಿದರು. ಉಪಯೋಗಕ್ಕೆ ಬಂದರೆ ನಿಯಮ ವರದಿಯಲ್ಲಿ ಉಳಿಯುತ್ತದೆ, ಇಲ್ಲದಿದ್ದರೆ ಹೊಡೆದುಹಾಕುತ್ತಾರೆ. ವರದಿ ಸೇನೆಯ ತರಬೇತಿ ಶಾಲೆಗಳಿಗೆ ಹೋಗುತ್ತದಂತೆ. ಅದರಲ್ಲಿ ಆ ಒಂದು ಸಾಲು ಇರಬೇಕು ಎನ್ನುವುದಷ್ಟೇ ಇವರ ಆಸೆ. ಮೂವತ್ತು ವರ್ಷದಲ್ಲಿ ಇವರು ಏನನ್ನಾದರೂ ಬೇಕು ಎಂದು ಕೇಳಿದ್ದನ್ನು ನಾನು ಕಂಡಿದ್ದು ಅದೊಂದೇ ಸಲ.

ಯುದ್ಧ ಶುರುವಾಯಿತು, ನನ್ನ ತಲೆ ಚಿಟ್ಟು ಹಿಡಿಯಿತು. ಮಂಟಪದ ಮೇಲೆ ಸಮುದ್ರ, ದ್ವೀಪ, ಬೆಟ್ಟಗಳ ದೊಡ್ಡ ನಕಾಶೆ. ನನ್ನ ಹೊಸ ಬಣ್ಣದ ಗೋಡೆಗೆ ಮೊಳೆ! ಪಕ್ಕದಲ್ಲಿ ಆಟದ ಗಡಿಯಾರ. ನಂದಿತಾ ಮತ್ತು ಅವಳ ಇಬ್ಬರು ಜೊತೆಗಾರರು ತೀರ್ಪುಗಾರರು. ಯಾರಿಗೂ ಮೊಬೈಲ್ ಇಲ್ಲ, ಎಲ್ಲವೂ ಚೀಟಿಯಲ್ಲಿ.

ಎರಡು ಸೈನ್ಯಗಳ ರೀತಿ ಏನೆಂದು ನನಗೆ ಕಾಫಿಯಲ್ಲೇ ಗೊತ್ತಾಯಿತು. ಕೆಂಪಿನವರದು ಒಂದೇ ಚೀಟಿ: ಹನ್ನೊಂದಕ್ಕೆ ಹನ್ನೆರಡು ಕಾಫಿ, ಮೂರು ಸಕ್ಕರೆ ಇಲ್ಲದ್ದು. ಅಚ್ಚುಕಟ್ಟು. ಅವರ ಸೇನಾಪತಿ ಒಬ್ಬ ನಿವೃತ್ತ ನೌಕಾಧಿಕಾರಿ. ಐದು ಮೇಜಿನ ಪ್ರತಿ ಚೀಟಿಯೂ ಅವರ ಕೈ ದಾಟಿಯೇ ಹೋಗಬೇಕು. ಉಪಗ್ರಹ ನೋಡಿದ್ದನ್ನು ಅವರು ಓದಿ, ಹಡಗಿಗೂ ಕ್ಷಿಪಣಿಗೂ ಕಂಪ್ಯೂಟರಿಗೂ ಒಂದೇ ಹೊತ್ತು ಬರೆದುಕೊಟ್ಟರೆ, ಮೂರೂ ಒಟ್ಟಿಗೆ ಬಂದು ಎರಗುತ್ತಿದ್ದವು. ನೋಡಲು ಭಯವಾಗುತ್ತಿತ್ತು. ಆದರೆ ಮಧ್ಯಾಹ್ನದ ಕಾಫಿಯ ಹೊತ್ತಿಗೆ ಅವರು ಬಚ್ಚಲಿಗೆ ಹೋಗಿದ್ದರು. ಹನ್ನೊಂದು ಜನ ಬಾಯಿ ಒಣಗಿಸಿಕೊಂಡು ಕುಳಿತರು. ಕಾಫಿ ತರಲೇ ಎಂದು ಕೇಳಿದರೆ ಒಬ್ಬರೂ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ.

ನೀಲಿಯವರದು ಬೇರೆ ರೀತಿ. ಇಂಥ ದ್ವೀಪ ಉಳಿಸಿಕೊಳ್ಳಬೇಕು ಎಂದು ಬ್ರಿಗೇಡಿಯರು ಗುರಿ ಹೇಳುತ್ತಾರೆ, ಹೇಗೆ ಎನ್ನುವುದು ಆಯಾ ಮೇಜಿಗೆ ಬಿಟ್ಟದ್ದು. ಕೇಳಲು ಚೆಂದ. ಕಾಫಿಗೆ ಐದು ಚೀಟಿ ಬಂತು, ಐದು ಹೊತ್ತಿಗೆ. ನೆಲದವರು ಕಿಲೋಮೀಟರ್ ಎಂದರೆ ನೀರಿನವರು ನಾಟಿಕಲ್ ಮೈಲಿ ಎನ್ನುತ್ತಾರೆ. ಗಾಳಿಯವರದು ಜುಲು ಹೊತ್ತು. ಉಪಗ್ರಹದವರನ್ನು ಏನು ಕೇಳಿದರೂ, ಅದು ಇನ್ನೊಂದು ಸುತ್ತು ಬರಲಿ ತಾಳಿ ಎನ್ನುತ್ತಾರೆ. ಕಂಪ್ಯೂಟರ್ ಮೇಜಿನವರು ಶತ್ರುವಿನ ರೇಡಾರನ್ನು ಬೆಳಗ್ಗೆಯೇ ಕುರುಡು ಮಾಡಿ ಮುಗಿಸಿದ್ದರು, ಯಾರಿಗೂ ಹೇಳಿರಲಿಲ್ಲ. ಏಕೆ ಹೇಳಲಿಲ್ಲ ಎಂದರೆ ಯಾರೂ ಕೇಳಲಿಲ್ಲ ಎಂದರು. ನಾನಾಗಿದ್ದರೆ ಅವರನ್ನು ಎಲೆ ಎತ್ತಲು ಹಾಕುತ್ತಿದ್ದೆ.

ಈ ಗೊಂದಲದ ನಡುವೆ ಇವರು ಹಲಗೆಯ ಮುಂದೆ ನಿಂತು, ಐದೂವರೆ ಕೂಡಿಸಿ ಕಳೆದು, ಚೀಟಿಗಳನ್ನು ಅಂಟಿಸುತ್ತಲೇ ಇದ್ದರು. ಮೊದಲ ದಿನವೆಲ್ಲ ಇವರ ಹಲಗೆಯಿಂದಲೇ ನೀಲಿಯವರು ಉಸಿರಾಡಿದರು. ಒಬ್ಬರಾದರೂ ಥ್ಯಾಂಕ್ಸ್ ಹೇಳಿದರೇ? ಇಲ್ಲ. ಅದು ಇವರಿಗೆ ಬೇಕಾಗಿಯೂ ಇರಲಿಲ್ಲ, ಅದಕ್ಕೇ ನನಗೆ ಇನ್ನಷ್ಟು ರೇಗುತ್ತದೆ.

ಎರಡನೆಯ ದಿನ ಊಟವಾದ ಮೇಲೆ ಜಾಗಟೆಯನ್ನು ಅಡಿಗೆಮನೆಯಿಂದ ಬಿಚ್ಚಿ ತಂದು ಇವರ ಹಲಗೆಯ ಪಕ್ಕ ನೇತುಹಾಕಿದೆ. ಕೋಲನ್ನು ಇವರ ಕೈಗೇ ಕೊಟ್ಟೆ.

ನೆಲದ ಮೇಜಿನವರು ಎರಡೂವರೆಯಿಂದ ಮೂರರವರೆಗೆ ಆಕಾಶ ಮುಚ್ಚಿದೆ ಎಂದು ಚೀಟಿ ಕಳಿಸಿದರು. ಅಂದರೆ ಆ ಅರ್ಧ ಗಂಟೆ ದ್ವೀಪದ ಮೇಲೆ ಏನೇ ಹಾರಿದರೂ ಶತ್ರುವಿನದೇ ಎಂದು ಕ್ಷಿಪಣಿ ಬಿಡುತ್ತಾರೆ. ನೀಲಿಯ ಹದಿನಾಲ್ಕು ವಿಮಾನಗಳು ಎರಡೂವರೆಗೆ ಮುಂಚೆಯೇ ಮರಳಬೇಕಿತ್ತು. ಗಾಳಿಯವರು ಹೊಸ ಚೀಟಿ ಬರೆದರು: ತಡವಾಗಿದೆ, ಜುಲು ಒಂಬತ್ತು ಹತ್ತಕ್ಕೆ ದ್ವೀಪದ ಮೇಲೆ ಬರುತ್ತೇವೆ. ಐದೂವರೆ ಕೂಡಿಸಿದರೆ ಎರಡು ನಲವತ್ತು. ಇವರು ಚೀಟಿ ಓದಿ ಆಟದ ಗಡಿಯಾರ ನೋಡಿದರು. ನಾನೂ ನೋಡಿದೆ. ಎರಡು ಮೂವತ್ತಾರು.

ಇವರ ಕೈಯಲ್ಲಿ ಕೋಲಿದೆ, ಒಂದು ಮೊಳ ದೂರದಲ್ಲಿ ಜಾಗಟೆಯಿದೆ. ಬಾರಿಸುವ ಹಕ್ಕೂ ಇದೆ, ಕಾಡಿ ಬೇಡಿ ಪಡೆದ ಹಕ್ಕು. ಇವರು ಏನು ಮಾಡಿದರು? ಕೋಲನ್ನು ಹಿಡಿದುಕೊಂಡೇ ನಡೆದು ಹೋಗಿ ಬ್ರಿಗೇಡಿಯರ ಮೊಣಕೈ ಪಕ್ಕ ನಿಂತು "ಸರ್" ಎಂದರು.

ಬ್ರಿಗೇಡಿಯರು ನೀರಿನ ಮೇಜಿನವರ ಜೊತೆ ವಾದಕ್ಕೆ ಬಿದ್ದಿದ್ದರು. ತಿರುಗಿ ನೋಡದೆ ಅಂಗೈ ಎತ್ತಿದರು. "ವರದರಾಜ್, ಒಂದ್ನಿಮಿಷ."

ಇವರು ನಿಂತರು. ನಾನು ಬಾಗಿಲಲ್ಲಿ ಕಾಫಿ ತಟ್ಟೆ ಹಿಡಿದು ನಿಂತಿದ್ದೆ. ಹೊರಗಿನವರು ಮಾತಾಡಿದರೆ ಆಟ ಕೆಡುತ್ತದೆ ಎಂದು ನಂದಿತಾ ನನ್ನಿಂದ ಮಾತು ತೆಗೆದುಕೊಂಡಿದ್ದಳು. ಹಲ್ಲು ಕಚ್ಚಿಕೊಂಡೆ. ರೀ, ಬಾರ್ಸಿ ರೀ, ಬಾರ್ಸಿ ಎಂದು ಒಳಗೊಳಗೇ ಕಿರುಚಿದೆ. ಇವರು ಮತ್ತೆ "ಸರ್" ಎಂದರು. ಮತ್ತೆ ಅಂಗೈ. ಎರಡು ನಲವತ್ತಕ್ಕೆ ನಂದಿತಾ ಮಂಟಪದಿಂದ ಓದಿದಳು: ನೀಲಿಯ ಕ್ಷಿಪಣಿಗಳಿಂದ ನೀಲಿಯ ಹದಿನಾಲ್ಕೂ ವಿಮಾನ ನಾಶ.

ಬ್ರಿಗೇಡಿಯರು ಆಗ ತಿರುಗಿದರು, ಕೋಲು ನೋಡಿದರು. "ನಿಮಗೆ ಗೊತ್ತಿತ್ತಾ?"

"ಎಸ್ ಸರ್."

"ಮತ್ತೆ ಬಾರಿಸೋದಲ್ವೇನ್ರೀ?"

"ತಮಗೆ ಒಂದ್ ಮಾತ್ ಕೇಳಿ ಬಾರಿಸೋಣ ಅಂತ, ಸರ್."

ಯಾರೋ ಕಿಸಕ್ಕೆಂದರು. ಬ್ರಿಗೇಡಿಯರು ನಗಲಿಲ್ಲ, ಬೈಯಲೂ ಇಲ್ಲ. "ನೋಡಮ್ಮ ನಂದಿತಾ, ಇದಕ್ಕೇ ಹೇಳಿದ್ದು. ನಿಯಮ ಇದ್ರೂ ಅಷ್ಟೇ, ಇಲ್ದಿದ್ರೂ ಅಷ್ಟೇ. ಹೊಡೆದ್ಹಾಕು" ಎಂದು ಕಡ್ಡಿ ಮುರಿದಂತೆ ಹೇಳಿದರು. ನಂದಿತಾ ತಲೆ ತಗ್ಗಿಸಿ ಬರೆದುಕೊಂಡಳು.

ಮನೆಗೆ ನಡೆದುಬರುವಾಗ ದಾರಿಯುದ್ದಕ್ಕೂ ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ಹಣ್ಣಿನ ಗಾಡಿಯವನು ತಿರುಗಿ ನೋಡುವಷ್ಟು ಅಂದೆ. "ಕೋಲು ಕೈಯಲ್ಲಿತ್ತಲ್ರೀ! ಅದನ್ನ ಹಿಡ್ಕೊಂಡ್ ಹೋಗಿ ಅಪ್ಪಣೆ ಕೇಳೋರು ಭೂಮಿ ಮೇಲೆ ಇದಾರಾ?" ನಮ್ಮ ಗೇಟಿನ ಹತ್ತಿರ ಬಂದ ಮೇಲೆ ಇವರು, "ಅವತ್ತೂ ನಾಲ್ಕು ನಿಮಿಷ ಅಂಬುಜಾ. ಇವತ್ತೂ ನಾಲ್ಕು. ಅವತ್ತು ಹಕ್ಕಿರ್ಲಿಲ್ಲ ಅಂತ ಇಷ್ಟ್ ದಿನ ಅಂದ್ಕೊಂಡಿದ್ದೆ" ಎಂದರು. ನಾನು ಗೇಟಿನ ಅಗಳಿ ತೆಗೆದೆ.

ಮರುದಿನ ಬೆಳಗ್ಗೆ ಇವರು ಇಸ್ತ್ರಿ ಅಂಗಿ ಹಾಕಿಕೊಂಡು ಶೇಷಾದ್ರಿಪುರಂಗೆ ಹೊರಟರು, ನಾನೂ ಬೆನ್ನಿಗೆ ಬಿದ್ದೆ. ನಂದಿತಾ ವರದಿ ಬರೆಯುತ್ತ ಕುಳಿತಿದ್ದಳು. ಇವರು ಒಂದು ಕಾಗದವನ್ನು ಅವಳ ಮುಂದಿಟ್ಟರು. ತಮ್ಮ ಹೆಸರು ಹಾಕಿ, ದರ್ಜೆ ಬರೆದು, ನಿಯಮ ತಪ್ಪಲಿಲ್ಲ, ನಾನು ತಪ್ಪಿದೆ, ಹಾಗೆಂದೇ ವರದಿಯಲ್ಲಿ ಬರೆಯಬೇಕು ಎಂದು ಕೇಳಿಕೊಂಡಿದ್ದರು. ಮರಳುಗಾಡಿನ ಕಥೆಯನ್ನೂ ಅರ್ಧ ಪುಟದಲ್ಲಿ ಬರೆದಿದ್ದರು. ಹುಡುಗಿ ಎರಡು ಸಲ ಓದಿದಳು.

"ಅಂಕಲ್, ಭೀಮನ ಅಮಾವಾಸ್ಯೆಗೆ ಮುಂಚೆ ಭಾನುವಾರ ಇನ್ನೊಂದ್ ಸುತ್ತು ಆಡಿಸ್ತೀವಿ. ನಿಯಮ ಇಡಿಸ್ತೀನಿ. ಆದ್ರೆ ನಿಮ್ ಬದ್ಲು ಬೇರೆ ಯಾರನ್ನಾದ್ರೂ..."

"ಬೇಡ. ನಾನೇ ನಿಲ್ತೀನಿ" ಎಂದರು.

ಅಭ್ಯಾಸ ಮಾಡಿಸುವ ಕೆಲಸ ನನ್ನ ತಲೆಗೆ ಬಂತು. ಖಾಲಿ ಛತ್ರದಲ್ಲಿ ದಿನಾ ಸಂಜೆ ನಾನು ಬ್ರಿಗೇಡಿಯರ ಕುರ್ಚಿಯಲ್ಲಿ ಕೂರುವುದು, ಕೋಡುಬಳೆ ತಿನ್ನುತ್ತ ಬೇರೆ ಕಡೆ ನೋಡುವುದು, ಇವರು ಚೀಟಿ ಓದಿ ಜಾಗಟೆ ಬಾರಿಸುವುದು. ಇಷ್ಟೇ. ಮೂರು ವರ್ಷದ ಕೂಸೂ ಮಾಡುತ್ತದೆ. ಇವರು ಚೀಟಿ ಓದುತ್ತಾರೆ, ಕೋಲು ಎತ್ತುತ್ತಾರೆ, ನನ್ನ ಮುಖ ನೋಡುತ್ತಾರೆ! ಬಾರಿಸಲೇ ಎಂದು ನನ್ನನ್ನು ಕೇಳುತ್ತಿದ್ದಾರೆ! ಮೊದಲ ದಿನ ಒಂಬತ್ತು ಸಲ ಹೀಗೇ. ನನಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಬೀದಿಯ ಹೆಂಗಸರೆಲ್ಲ ಗಂಡನ ಪಾದಪೂಜೆಗೆ ಸಾಮಾನು ಹೊಂದಿಸುತ್ತಿದ್ದರೆ ನಾನು ಗಂಡನಿಗೆ ಗದರುತ್ತ ಕುಳಿತಿದ್ದೆ.

ನಾಲ್ಕನೆಯ ಸಂಜೆ ಶ್ರಾವಣದ ಮದುವೆಯೊಂದರ ಬಗ್ಗೆ ಫೋನು ಬಂತು. ನಾನು ಮಾತಿನಲ್ಲಿ ಮುಳುಗಿದ್ದೆ. ಇವರು ಪಕ್ಕ ಬಂದು ನಿಂತು ಏನೋ ಹೇಳಲು ಬಾಯಿ ತೆರೆದರು. ನಾನು ನೋಡದೆಯೇ ಅಂಗೈ ಎತ್ತಿದೆ. ಎತ್ತಿದ ಮೇಲೆ ಆ ಕೈ ನನ್ನದೇ ಎಂದು ಗೊತ್ತಾಯಿತು. ಇಪ್ಪತ್ತೊಂದು ವರ್ಷದಿಂದ ಫೋನಿನಲ್ಲಿರುವಾಗಲೆಲ್ಲ ಹಾಗೆ ಎತ್ತಿದ್ದೇನೆ, ಇವರು ಹಾಗೆಯೇ ತಾಳಿದ್ದಾರೆ. ಫೋನಿಟ್ಟು ಏನು ಎಂದು ಕೇಳಿದರೆ, ಹಾಲು ಉಕ್ಕುತ್ತಿತ್ತು ಎಂದರು. ಛತ್ರದ ಒಲೆಯೆಲ್ಲ ಹಾಲು. ಯಾರ ಮೇಲೆ ಕೂಗಾಡುವುದೋ ತಿಳಿಯದೆ ನನ್ನ ಮೇಲೆ ನನಗೇ ಮೈ ಉರಿಯಿತು. ಒಲೆ ಒರೆಸುತ್ತ, "ಇನ್ಮೇಲೆ ನಾನ್ ಕೈ ಎತ್ತಿದ್ರೆ ಆ ಕೈನ ತಳ್ಳಿಬಿಡಿ" ಎಂದೆ. ಇವರು ಹೂಂ ಎಂದರು. ಒಂದು ಸಲವೂ ತಳ್ಳಲಿಲ್ಲ.

ಭಾನುವಾರ ಬಂತು. ಮತ್ತೆ ನಕಾಶೆ, ಮತ್ತೆ ಮೊಳೆ, ಮತ್ತೆ ಐದು ಚೀಟಿ ಕಾಫಿ. ಕೆಂಪಿನವರು ಈ ಸಲ ಬುದ್ಧಿ ಕಲಿತಿದ್ದರು, ಸೇನಾಪತಿ ಬಚ್ಚಲಿಗೆ ಹೋದರೆ ಕಾಫಿ ಹೇಳುವ ಅಧಿಕಾರವನ್ನು ಇನ್ನೊಬ್ಬರಿಗೆ ಕೊಟ್ಟಿದ್ದರು. ಬ್ರಿಗೇಡಿಯರು ಮಾತ್ರ ಇವರನ್ನೂ ಜಾಗಟೆಯನ್ನೂ ನೋಡಿ, "ಇವತ್ತು ಕೇಳ್ಬೇಡೀಪ್ಪಾ, ಬಾರಿಸಿಬಿಡಿ" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಅಪ್ಪಣೆ ಕೊಟ್ಟಂತಾಯಿತಲ್ಲ, ಇನ್ನು ಇವರು ಬಾರಿಸಿದರೂ ಏನು ಬಂತು ಎನ್ನಿಸಿತು.

ಮಧ್ಯಾಹ್ನ ಯುದ್ಧ ಬಿರುಸಾಯಿತು. ನೆಲದವರು ಆಕಾಶ ಮುಚ್ಚಿದರು, ಎರಡೂವರೆಯಿಂದ ಮೂರು. ಗಾಳಿಯವರ ಚೀಟಿ ಬಂತು. ಇವರು ಓದಿದರು, ಗಡಿಯಾರ ನೋಡಿದರು, ಮತ್ತೆ ಓದಿದರು. ಹೆಜ್ಜೆ ಬ್ರಿಗೇಡಿಯರ ಕಡೆಗೇ ಹೋಯಿತು! ಬ್ರಿಗೇಡಿಯರು ಕೆಂಪಿನ ಹಡಗುಗಳನ್ನು ಹೊಡೆಯುವ ಕೊನೆಯ ಚೀಟಿಗೆ ಸಹಿ ಹಾಕುತ್ತಿದ್ದರು. ಇವರ ನೆರಳು ಕಂಡು, ತಲೆ ಎತ್ತದೆ, ತಮಗೇ ಗೊತ್ತಿಲ್ಲದೆ ಅಂಗೈ ಎತ್ತಿದರು.

ಇವರು ಆ ಅಂಗೈಯನ್ನು ನೋಡಿದರು. ಎಷ್ಟು ಹೊತ್ತು ನೋಡಿದರೋ. ಆಮೇಲೆ ತಿರುಗಿ ನಾಲ್ಕು ಹೆಜ್ಜೆ ಹಾಕಿ ಜಾಗಟೆಗೆ ಹೊಡೆದರು. ಒಂದಲ್ಲ, ಆರೇಳು ಏಟು. ಛತ್ರ ಗುಂಯ್‌ಗುಟ್ಟಿತು. ಸಹಿ ಹಾಕುತ್ತಿದ್ದ ಪೆನ್ನು ನಿಂತಿತು, ಐದು ಮೇಜೂ ನಿಂತವು, ಅಡಿಗೆಮನೆಯಲ್ಲಿ ಬೋಂಡ ಕರಿಯುತ್ತಿದ್ದವರೂ ಒಲೆ ಆರಿಸಿ ಓಡಿಬಂದರು.

"ಯಾರ್ರೀ ಅದು?" ಎಂದು ಬ್ರಿಗೇಡಿಯರು ಗುಡುಗಿದರು.

"ನಾನು" ಎಂದರು ಇವರು. ಸರ್ ಎನ್ನಲಿಲ್ಲ. ಮೂವತ್ತು ವರ್ಷದಲ್ಲಿ ಇವರು ಯಾವ ಅಧಿಕಾರಿಯ ಮುಂದೆಯೂ ಸರ್ ಎನ್ನದೆ ಮಾತು ಮುಗಿಸಿದ್ದನ್ನು ನಾನು ಕೇಳಿರಲಿಲ್ಲ.

ಬ್ರಿಗೇಡಿಯರು ಚೀಟಿ ತರಿಸಿ ನೋಡಿದರು. ಗಾಳಿಯವರು ಜುಲು ಒಂಬತ್ತು ನಲವತ್ತೈದಕ್ಕೆ ಬರುತ್ತೇವೆ ಎಂದು ಬರೆದಿದ್ದರು. ಇವರು ಹಲಗೆಯ ಮೇಲೆ ಎರಡು ನಲವತ್ತೈದು ಎಂದು ಬರೆದಿದ್ದರು. ನಂದಿತಾ ಬೆರಳು ಮಡಿಸಿ ಎಣಿಸಿದಳು, ಮತ್ತೊಮ್ಮೆ ಎಣಿಸಿದಳು. "ಅಂಕಲ್... ಮೂರೂ ಕಾಲಲ್ವಾ? ಆಕಾಶ ಆಗ್ಲೇ ತೆರೆದಿರತ್ತೆ." ಇವರು ಐದು ಗಂಟೆ ಕೂಡಿಸಿ ಅರ್ಧ ಗಂಟೆಯನ್ನು ಬಿಟ್ಟಿದ್ದರು. ಇಪ್ಪತ್ತೆಂಟು ವರ್ಷ ಒಂದು ಸಲವೂ ತಪ್ಪದ ಲೆಕ್ಕ.

ನಿಂತ ಆ ನಾಲ್ಕು ನಿಮಿಷದಲ್ಲಿ ಕೆಂಪಿನ ಹಡಗುಗಳು ಜಾರಿಕೊಂಡು, ತಿರುಗಿ ನೀಲಿಯ ಒಂದು ಹಡಗನ್ನು ಮುಳುಗಿಸಿದವು. ಬ್ರಿಗೇಡಿಯರು ಕೆಂಪಗಾದರು. "ಬಾರಿಸ್ಬೇಕಾದಾಗ ಬಾರಿಸಲ್ಲ, ಬಾರಿಸ್ಬಾರ್ದಾಗ ಬಾರಿಸ್ತೀರಿ! ಒಂದ್ ಹಡಗು ಹೋಯ್ತಲ್ರೀ!" ಎಂದು ಐದು ನಿಮಿಷ ಝಾಡಿಸಿದರು. ನನ್ನ ಕೈಯಲ್ಲಿ ಬಿಸಿ ಕಾಫಿ ಇತ್ತು, ಅದನ್ನು ಅವರ ಮೇಲೆ ಚೆಲ್ಲದೆ ಬಿಟ್ಟದ್ದು ಅವರ ಅದೃಷ್ಟ. ಇವರು ನೆಟ್ಟಗೆ ನಿಂತು ಕೇಳಿಸಿಕೊಂಡರು, ಬೈಗುಳ ಮುಗಿದ ಮೇಲೆ ಹಲಗೆ ಅಳಿಸಿ ಮೂರೂ ಕಾಲು ಎಂದು ತಿದ್ದಿದರು.

ಸಂಜೆ ನಂದಿತಾ ವರದಿಯ ಆ ಭಾಗವನ್ನು ಎಲ್ಲರೆದುರು ಓದಿದಳು. ನಿಲ್ಲಿಸುವ ಹಕ್ಕನ್ನು ಬಳಸದಿದ್ದಾಗ ಹದಿನಾಲ್ಕು ವಿಮಾನ ನಷ್ಟ, ತಪ್ಪಾಗಿ ಬಳಸಿದಾಗ ಒಂದು ಹಡಗು ನಷ್ಟ. ಹಕ್ಕು ಕೊಟ್ಟರೆ ಸಾಲದು, ಬಾರಿಸುವುದನ್ನು ಅಭ್ಯಾಸ ಮಾಡಿಸಬೇಕು, ತಪ್ಪಾಗಿ ಬಾರಿಸಿದವರನ್ನು ಬೈಯಬಾರದು. ಕೊನೆಯ ಮಾತನ್ನು ಅವಳು ಬ್ರಿಗೇಡಿಯರ ಮುಖ ನೋಡಿಯೇ ಓದಿದಳು. ಅವರು ಗಂಟಲು ಸರಿ ಮಾಡಿಕೊಂಡು, "ಇರ್ಲಿ ಬಿಡಮ್ಮ, ಅದನ್ನ ಹಾಗೇ ಬಿಡು" ಎಂದರು. ಇವರು ಗೋಡೆಯ ಮೊಳೆಗಳನ್ನು ಕೀಳುತ್ತಿದ್ದರು, ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ.

ಮನೆಗೆ ಬಂದವರೇ ಚಪ್ಪಲಿಯನ್ನೂ ಬಿಡದೆ ರಾಘವನಿಗೆ ಫೋನು ಮಾಡಿದರು. ಇವರಿಗೆ ಕಿವಿ ಸ್ವಲ್ಪ ಮಂದ, ಸ್ಪೀಕರಿನಲ್ಲೇ ಮಾತಾಡುವುದು.

"ರಾಘು, ಬಾರಿಸ್ದೆ ಕಣೋ."

"ಕೇಳ್ದೇನೇನಾ?"

"ಕೇಳ್ಲಿಲ್ಲ. ಕೈ ಎತ್ತಿದ್ರು, ಆದ್ರೂ ಬಾರಿಸ್ದೆ."

"ಸರಿಯಾಗಿತ್ತಾ?"

"ಇಲ್ವೋ. ತಪ್ಪು. ಅರ್ಧ ಗಂಟೆ ಮರ್ತ್‌ಬಿಟ್ಟೆ. ಒಂದ್ ಹಡಗು ಹೋಯ್ತು. ಚೆನ್ನಾಗ್ ಬೈದ್ರು."

ಮೂವತ್ತು ವರ್ಷದಿಂದ ಆ ಕಾಲಿನ ಬಗ್ಗೆ ಒಂದು ಕಟು ಮಾತನ್ನೂ ಆಡದ ಮನುಷ್ಯ ಅವನು. ನಾನು ಅಡಿಗೆಮನೆಯಿಂದ ಹೊರಗೆ ಬಂದೆ. ಆಮೇಲೆ ಅವನ ದನಿ ಬಂತು, ಒಡೆದಿತ್ತು.

"ಅವತ್ತೂ ಬಾರಿಸ್ಬೋದಿತ್ತಲ್ಲೋ ವರ್ದಾ."

"ಹೌದು ಕಣೋ" ಎಂದರು ಇವರು. "ಬಾರಿಸ್ಬೋದಿತ್ತು."

ಇಬ್ಬರೂ ಫೋನು ಇಡಲಿಲ್ಲ. ನಾನು ಏನೋ ಹೇಳಲು ಬಾಯಿ ತೆರೆದೆ. ಇವರು ನನ್ನ ಕಡೆ ನೋಡದೆ ಅಂಗೈ ಎತ್ತಿದರು. ನಾನು ತಾಳಿದೆ.